ಓದುಗರ ಸ್ಪಂದನ: ಮದುವೆ ಫೋಟೊ ಬಿಟ್ಟು ಹೊರಡಲೇ?

ದಾವಣಗೆರೆಯ 26ರ ಯುವಕರೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: ‘ಸ್ಟುಡಿಯೊ ಒಂದರಲ್ಲಿ ಮದುವೆ ಫೋಟೊ ತೆಗೆಯುತ್ತೇನೆ. ಸಂಬಳ ಪರವಾಗಿಲ್ಲ. ಆದರೆ ಎಲ್ಲ ಆಲ್ಬಂಗಳೂ ಒಂದೇ ಥರ. ನನ್ನದೇ ದಾರಿ ಹುಡುಕಿಕೊಳ್ಳಬೇಕು. ಕೆಲಸ ಬಿಡಲೇ? ಮನೆಯಲ್ಲಿ ಬೇಡ ಅನ್ನುತ್ತಾರೆ.’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಮ್ಮಾ, ಮದುವೆ ಊಟ ಬೇಕು, ಮದುವೆ ಫೋಟೊ ಬೇಡ ಅಲ್ವಾ? ಮೊದಲು ತಾಳಿ ಕಟ್ಟೋ ಗಳಿಗೆ ತಪ್ಪಿಸದೆ ತೆಗಿ. ದಾರಿ ಆಮೇಲೆ ಹುಡುಕು.
– ಸ್ಟುಡಿಯೊ ಮಾಲೀಕರು, ಹಾವೇರಿ

*

ಸ್ವಲ್ಪ ಖಾರವಾಯಿತು. ಮುಂದಿನ ಪತ್ರ ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.

*

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ, ಮದುವೆ, ನಾಮಕರಣ, ಪೊಲೀಸರು ಕರೆದರೆ ಹೆಣದ ಫೋಟೊ. ಡಾರ್ಕ್‌ರೂಮ್ ನನ್ನದು. ಕೆಂಪು ಬಲ್ಬಿನ ಕೆಳಗೆ ಟ್ರೇ ಅಲ್ಲಾಡಿಸುತ್ತಿದ್ದರೆ ಪೇಪರ್ ಮೇಲೆ ಮೊದಲು ಕೂದಲು, ಹುಬ್ಬು ಕಾಣುತ್ತಿದ್ದವು. ಕೆನ್ನೆ, ಹಣೆ ಆಮೇಲೆ. ಚಿತ್ರ ಅಳಿಯದಂತೆ ಹಿಡಿಸುವ ಹೈಪೊ ದ್ರಾವಣದ ವಾಸನೆ ದಾವಣಿಯಿಂದ ಹೋಗುತ್ತಲೇ ಇರಲಿಲ್ಲ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಲ್ಲಿ ಮೊಡವೆ ಕಲೆ ಮುಚ್ಚುವುದರಲ್ಲಿ ಅಪ್ಪನಿಗಿಂತ ನನ್ನ ಕೈಯೇ ಚೆನ್ನಾಗಿತ್ತು. ಅದನ್ನು ಅಪ್ಪನೇ ಹೇಳುತ್ತಿದ್ದರು. ಆದರೆ ಕ್ಯಾಮೆರಾ ಹಿಡಿದು ಮದುವೆ ಮನೆಗೆ ಹೋಗುತ್ತಿದ್ದುದು ತಮ್ಮ. ‘ಹೆಣ್ಣುಹುಡುಗಿ ಮಂಟಪದ ಹತ್ತಿರ ನುಗ್ಗಾಡಿದರೆ ಜನ ಏನಂತಾರೆ?’ ನನ್ನ ಮದುವೆ ಫೋಟೊ ತೆಗೆದವನೂ ಅವನೇ. ಅರ್ಧಕ್ಕರ್ಧ ಫೋಕಸ್ಸೇ ಇಲ್ಲ. ಡಿಜಿಟಲ್ ಬಂದ ಮೇಲೆ, ನೆಗೆಟಿವ್‌ನಿಂದ ಫೋಟೊ ದೊಡ್ಡದು ಮಾಡುವ ಎನ್‌ಲಾರ್ಜರ್ ಗುಜರಿಗೆ ಹಾಕಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ನೀವು ಬಿಡಲೇ ಅನ್ನುತ್ತೀರಿ. ನನಗೆ ಹಿಡಿಯಲೇ ಬಿಡಲಿಲ್ಲ. ಮುಂದೆ ನೀವು ಸ್ಟುಡಿಯೊ ಇಟ್ಟು, ಕೆಲಸ ಕಲಿಯಲು ಹುಡುಗಿ ಬಂದರೆ, ಸುಮ್ನೆ ಕಂಪ್ಯೂಟರ್ ಮುಂದೆ ಕೂರಿಸಬೇಡಿ.
– ಒಬ್ಬ ಓದುಗಿ, ಹಾಸನ

*

1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಓದಿಕೊಳ್ಳಿ. ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದು. ನಿಮ್ಮದೇ ಚಿತ್ರ ನಿಮ್ಮ ಹೆಸರಲ್ಲಿ ತೋರಿಸಬೇಕಾದರೂ ಮೊದಲೇ ಬರೆಸಿಕೊಳ್ಳಬೇಕು.
– ವಕೀಲರು, ಧಾರವಾಡ

*

ಅವರು ಕೇಳಿದ್ದು ಇದನ್ನಲ್ಲ. ಆದರೂ ಉಪಯೋಗಕ್ಕೆ ಬರುತ್ತದೆ. – ಸಂ.

*

ನಮ್ಮೂರಿನ ಟಿ. ಎಸ್. ಸತ್ಯನ್ ಪತ್ರಿಕೆಗಳಿಗೆ ಫೋಟೊ ತೆಗೆದೇ ಹೆಸರಾದವರು. 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡ ದೊಡ್ಡವರನ್ನು ತೆಗೆದಿದ್ದಾರೆ. ನನಗೆ ಇಷ್ಟ ಮಾತ್ರ ಅವರು ತೆಗೆದ ಮಕ್ಕಳು, ಬೀದಿಯ ಜನ. ಕೆಲಸ ಬಿಡಬೇಡಿ. ಆಷಾಢ, ಧನುರ್ಮಾಸದಲ್ಲಿ ಹೇಗೂ ಮದುವೆ ಇರುವುದಿಲ್ಲ. ನಿಮ್ಮೂರಲ್ಲೇ ಮಂಡಕ್ಕಿ ಭಟ್ಟಿಗಳಿವೆ: ಬೆಂಕಿ, ಹೊಗೆ, ಕಾದ ಮರಳು, ಮಸಿ ಹಿಡಿದ ಗೋಡೆ. ಒಂದು ಆಷಾಢ ಪೂರ್ತಿ ಅಲ್ಲಿಗೇ ಹೋಗಿ. ಮೊದಲ ವಾರ ಜನ ಕ್ಯಾಮೆರಾ ನೋಡಿ ನಗುತ್ತಾರೆ. ಆಮೇಲೆ ನಿಮ್ಮನ್ನು ಮರೆತು ಅವರ ಪಾಡಿಗೆ ಕೆಲಸ ಮಾಡುತ್ತಾರೆ. ಆಗ ಶುರು ಮಾಡಿ.
– ನಿವೃತ್ತ ಮೇಷ್ಟರು, ಮೈಸೂರು

*

ಇದೇ ಮಾತನ್ನು ಇನ್ನೂ ಹಲವರು ಬರೆದಿದ್ದಾರೆ. ಯಾವ ಕ್ಯಾಮೆರಾ ಕೊಳ್ಳಬೇಕೆಂದು ಬರೆದವರು ಅದಕ್ಕಿಂತ ಜಾಸ್ತಿ, ಅವನ್ನು ಬಿಟ್ಟಿದ್ದೇವೆ. – ಸಂ.

*

ವೈಶಾಖದಲ್ಲಿ ಮಗಳ ಮದುವೆ. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ. ನಂಬರ್ ಕೊಡುತ್ತೀರಾ?
– ಗೃಹಿಣಿ, ಹರಿಹರ

*

ನಂಬರ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಪತ್ರ ಅವರಿಗೆ ತಲುಪಿಸಿದ್ದೇವೆ. – ಸಂ.