ಮೊರೇರ ಮನಿ ಮುಂದಿನ ಬೆಂಕಿ

ಗುಂಪು: ಗಂಗಾವತಿ ಮನಿ ಮಂದಿ

ಅಳಿಯ (ಬೆಂಗಳೂರು): ಎಲ್ಲಾರೂ ಈ ವಿಡಿಯೋ ನೋಡ್ರಿ! ನಮ್ಮ ಹಿರೇಬೆಣಕಲ್ ಗುಡ್ಡದ ಮ್ಯಾಲೆ ರಾತ್ರಿ ಟೆಂಟ್ ಹಾಕ್ಯಾರ, ಮೊರೇರ ಮನಿ ಅಂತಾರಲ್ಲ, ಆ ಹಳೇ ಕಾಲದ ಕಲ್ಲಿನ ಚಪ್ಪಡಿ ಗೋರಿ, ಅವುಗಳ ಮುಂದ ಬೆಂಕಿ ಕಾಸ್ಕೋತ ಕುಂತಾರ. ಬರೋ ಶನಿವಾರ ನಾವೂ ಆರು ಮಂದಿ ಹೊಂಟೀವಿ. ಮಾವ, ನಿಮಗ ದಾರಿ ಗೊತ್ತೈತಲ್ಲ, ಬರ್ರಿ.

ಅಕ್ಕ: ರಾತ್ರಿ ಗುಡ್ಡದಾಗ? ಕರಡಿ ಅದಾವಪಾ. ಬ್ಯಾಡ.

ಅಳಿಯ: ಬೆಂಕಿ ಇದ್ರ ಬರಂಗಿಲ್ಲವ್ವ.

ನಾನು: ಆ ವಿಡಿಯೋ ನಾಕು ಸಲ ನೋಡಿದೆ. ಬೆಂಕಿ ಮನಿ ಮುಂದ ಇಲ್ಲ, ಕಲ್ಲಿನ ಚಪ್ಪಡಿಗೆ ಹತ್ತಿಕೊಂಡೇ ಐತಿ. ಮಸಿ ಮ್ಯಾಲಿನತನಕ ಏರೈತಿ ನೋಡು. ಹಿಂದ ನಮ್ಮ ಕಡೆ ಬಂಡೆ ಎಬ್ಬಸಬೇಕಂದ್ರ ಅದರ ಮ್ಯಾಲೆ ಕಟ್ಟಿಗಿ ಉರಸ್ತಿದ್ರು. ಕಾದ ಕಲ್ಲು ಪದರ ಪದರ ಎದ್ದು ಬರ್ತಿತ್ತು. ಈ ಬೆಂಕಿನೂ ಅದ ಕೆಲಸ ಮಾಡ್ತೈತಿ. ಎರಡು ಸಾವಿರ ವರ್ಷಕ್ಕೂ ಹಳೇವು ಆ ಕಲ್ಲಿನ ಮನಿ, 400ರ ಸುಮಾರು ಅದಾವ. 2021ರಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರ್ಯಾವ. ಒಂದು ರಾತ್ರಿ ಚಳಿ ಕಾಯಿಸಾಕ ಅವನ್ನ ಸುಡೋದಾ?

ಕಾಕಾ: ಹುಡುಗರು ಹೋಗ್ಲಿ ಬಿಡು. ಮನ್ಯಾಗ ಮೊಬೈಲ್ ಹಿಡ್ಕೊಂಡು ಕುಂತ್ರೂ ಬೈತೀರಿ. ಕುರಿಗಾರರು ಬಯಲಾಗ ಮಲಗಂಗಿಲ್ಲೇನು?

ನಾನು: ಕಾಕಾ, ಅವರು ಕುರಿ ತರುಬೋದು ಹೊಲದಾಗ. ಗೊಬ್ಬರ ಬೀಳ್ತೈತಿ ಅಂತ ರೈತರ ಕರದು ಕಾಳು ಕೊಡ್ತಾರ. ನಾಯಿ ಇರ್ತಾವ, ರಾತ್ರಿ ಒಬ್ಬ ಎಚ್ಚರ ಇರ್ತಾನ. ಇವರು ಕರಡಿ ಗವಿ ಬಾಯಾಗ ಮಲಗತೀವಿ ಅಂತಾರ್ರಿ.

ಅಳಿಯ: ಮಾವ, ನಾರ್ವೆದಾಗ ಗುಡ್ಡದ ಮ್ಯಾಲೆ ಮನಿ ಅದಾವ. 1868ರಾಗ ಹುಟ್ಟಿದ ಚಾರಣ ಸಂಘ ನಡಸ್ತೈತಿ. ಎಷ್ಟೋ ಮನಿಗೆ ಕಾವಲಗಾರನೂ ಇಲ್ಲ. ತಿಂದಷ್ಟಕ್ಕ ತಾವ ಲೆಕ್ಕ ಬರದು ರೊಕ್ಕ ಕಟ್ತಾರ. ನಾವೂ ಅಂಥವರ ಆಗಬಾರದಾ?

ನಾನು: ಆಗಬೇಕು, ಅದಕ್ಕ ಇಷ್ಟು ಹೇಳಾಕತ್ತೀನಿ. ಆ ಮನಿ ನೇಮ ಪೂರ್ತಿ ಕೇಳು. ಹೊಂಡೋ ಮುಂದ ಕಸ ಹೊಡೀಬೇಕು, ಮುಂದ ಬರೋರಿಗೆ ಕಟ್ಟಿಗಿ ಸೀಳಿ, ನೀರು ತುಂಬಿಡಬೇಕು. ಅಲ್ಲೆ ಒಲಿ ಐತಿ, ಕಕ್ಕಸ ಐತಿ. ನಮ್ಮ ಗುಡ್ಡದ ಮ್ಯಾಲೆ ಒಂದು ಹೊಂಡ ಬಿಟ್ರ ಏನೈತಿ? ಆರು ಮಂದಿ ಮುಂಜಾನೆ ಎದ್ದು ಎಲ್ಲಿ ಹೋಗ್ತೀರಿ, ಹೇಳು. ನೀರಿಂದ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು ಅನ್ನೋದು ಎಲ್ಲಾ ಕಡೆ ಚಾರಣದವರ ನೇಮ. ಅಲ್ಲಿ ಬರೇ ಬಂಡೆ, ಗೇಣು ಮಣ್ಣು ಹುಡುಕಬೇಕು. ಮಳಿ ಬಿದ್ರ ಎಲ್ಲಾ ಆ ಹೊಂಡಕ್ಕ. ದನ-ಕುರಿ ಕುಡಿಯೋ ನೀರು ಅದು.

ಅಕ್ಕ: ಇದನ್ನ ಯಾರೂ ಹೇಳಿರಲಿಲ್ಲ ನೋಡು.

ಕಾಕಾ: ಹಂಗಾದ್ರ ಗುಡ್ಡದಾಗ ಮಲಗೋದ ತಪ್ಪಾ?

ನಾನು: ತಪ್ಪಲ್ಲ ಕಾಕಾ. ನೋಡ್ಕೊಳ್ಳೋರು ಇದ್ದಲ್ಲಿ ಮಲಗಲಿ. ಡಾರ್ಜಿಲಿಂಗ್ ಕಡೆ ಸಂದಕ್‌ಫು ಅಂತ ಐತಿ, 3,636 ಮೀಟರ್ ಎತ್ತರ. ಚಾರಣದವರಿಗೇ ಅಂತ ತಂಗುಮನಿ ಅದಾವ, ಬಿಸಿ ಊಟ ಸಿಗ್ತೈತಿ. ಅಲ್ಲಿಗೆ ಹೋಗಲಿ, ನಾನೂ ಬರ್ತೀನಿ. ಟೆಂಟ್ ಅಂದ್ರೂ ಎಲ್ಲೆಂದ್ರಲ್ಲಿ ಹಾಕೋದಲ್ಲ. 2018ರಾಗ ಉತ್ತರಾಖಂಡ ಹೈಕೋರ್ಟ್ ಹಿಮಾಲಯದ ಹುಲ್ಲುಗಾವಲಿನಾಗ ರಾತ್ರಿ ತಂಗೋದನ್ನ ನಿಲ್ಲಿಸಿತು, ಹುಲ್ಲೆಲ್ಲಾ ಹಾಳಾಗ್ತೈತಿ ಅಂತ.

ಅಳಿಯ: ಟೆಂಟಿಗೆ ಅಡ್ವಾನ್ಸ್ ಕೊಟ್ಟೀವಿ ಮಾವ.

ನಾನು: ಟೆಂಟ್ ನಮ್ಮ ಹೊಲದಾಗ ಹಾಕ್ರಿ. ಬೋರಿನ ನೀರು ಐತಿ, ಕಕ್ಕಸ ಐತಿ. ನಸುಕಿನಾಗ 5ಕ್ಕ ಎಬ್ಬಸ್ತೀನಿ. ಬಿಸಲು ಏರೋದ್ರಾಗ ಮೊರೇರ ಮನಿ ಮುಂದ ಇರ್ತೀವಿ, ಬಡದ್ರ ನಗಾರಿ ಹಂಗ ಸದ್ದು ಮಾಡೋ ನಗಾರಿ ಗುಂಡೂ ತೋರಸ್ತೀನಿ. ಕಸ ತರಾಕ ಒಂದು ಚೀಲ ಇರಲಿ, ಆ ವಿಡಿಯೋದವರು ಬಿಟ್ಟ ಬಾಟಲಿನೂ ತುಂಬಿಕೊಂಡು ಇಳಿಯೋಣ.

ಅಳಿಯ: ಹುಡುಗರನ್ನ ಕೇಳಿ ಹೇಳ್ತೀನಿ. ಬೆಂಕಿ ಮಾತ್ರ ಬೇಕು ಮಾವ.

ನಾನು: ಹಾಕ್ರಿ. ಹುಲ್ಲಿನ ಬಣವಿ ಪಶ್ಚಿಮಕ್ಕ ಐತಿ, ನೀವು ಬೋರಿನ ಕಡೆ ಹಾಕ್ರಿ.