ಹಣ ಯಾರ ಕೈಗೆ ಹೋಗ್ತದೆ ಅಂತ ಮೊದಲು ಕೇಳು

ವಾಟ್ಸಾಪ್ ಗುಂಪು: ಮೂಲಮನೆ (ಮಂಗಳೂರು–ಉಡುಪಿ)
ಶನಿವಾರ

ತಮ್ಮ (ಬೆಂಗಳೂರು), ರಾತ್ರಿ 8:12
ಫಾರ್ವರ್ಡ್ ಮಾಡಿದ್ದು: ವಿಯೆಟ್ನಾಂನ ಸಾಪಾ ಗುಡ್ಡಗಳಲ್ಲಿ ಟ್ರೆಕ್ಕಿಂಗ್. ಗೈಡ್ ಜೊತೆ ಮೂರು ದಿನ ನಡಿಗೆ, ಎರಡು ರಾತ್ರಿ ಸಾಂಪ್ರದಾಯಿಕ ಹಳ್ಳಿ ಮನೆಯಲ್ಲಿ ವಾಸ. ಬುಡಕಟ್ಟು ಬದುಕಿನ ನೇರ ಅನುಭವ.

ತಮ್ಮ (ಬೆಂಗಳೂರು)
ಸೆಪ್ಟೆಂಬರಿಗೆ ಯಾರೆಲ್ಲ ಬರ್ತೀರಿ? ಆರು ಜನ ಆದ್ರೆ ರೇಟು ಕಡಿಮೆ ಮಾಡ್ತಾರಂತೆ. ಸೋಮವಾರದ ಒಳಗೆ ಅಡ್ವಾನ್ಸ್ ಕಟ್ಟಬೇಕು.

ದೊಡ್ಡಮ್ಮ (ಉಡುಪಿ)
ಫೋಟೋ ಚಂದ ಉಂಟು. ಅಷ್ಟು ಎತ್ತರದಲ್ಲಿ ಗದ್ದೆ! ಆದ್ರೆ ದುಡ್ಡು ಕೊಟ್ಟು ಯಾರದ್ದೋ ಮನೆ ಅಟ್ಟದಲ್ಲಿ ಮಲಗುದು ಯಾಕೆ ಮಗಾ? ಅಲ್ಲಿ ಒಳ್ಳೆ ಹೋಟೆಲ್ ಇಲ್ವಾ?

ಚಿಕ್ಕಪ್ಪ (ಮಣಿಪಾಲ)
ಅಲ್ಲ ಮಾರಾಯ, ಗುಡ್ಡ ಹತ್ಲಿಕ್ಕೆ ವಿಯೆಟ್ನಾಂಗೆ ಹೋಗ್ಬೇಕಾ? ಕಾರ್ಕಳ ದಾಟಿದ್ರೆ ಕುದುರೆಮುಖ. ಆಚೆ ಕೊಡಚಾದ್ರಿ, ಈಚೆ ಕುಮಾರಪರ್ವತ. ಅದು ಹೋಗ್ಲಿ. ಬುಡಕಟ್ಟು ಬದುಕಿನ ಅನುಭವ ಅಂತ ಬರ್ದಿದ್ದಾರಲ್ಲ, ಅದು ಎಂತದ್ದು? ಪಿಲಿಕುಳ ಝೂನಲ್ಲಿ ಹುಲಿ ನೋಡುವ ಹಾಗೆ ಹೋಗಿ ಮನುಷ್ಯರನ್ನು ನೋಡಿ ಬರುದಾ? ಹೀಗೆ ಹೋಗಿ ಹೋಗಿಯೇ ಆ ಸಂಸ್ಕೃತಿ ಹಾಳಾಗುದು.

ನಾನು
ತಮ್ಮಾ, ಲಿಂಕ್ ಪೂರ್ತಿ ಓದಿದೆ. ಗೈಡ್ ಎಲ್ಲಿಯವರು ಅಂತ ಎಲ್ಲೂ ಬರೆದಿಲ್ಲ. ಹಳ್ಳಿಯ ಹೆಸರೂ ಇಲ್ಲ. ಅಡ್ವಾನ್ಸ್ ಈಗಲೇ ಕಟ್ಟಬೇಡ.

ತಂಗಿ (ಚಿಕ್ಕಪ್ಪನ ಮಗಳು, ಸುರತ್ಕಲ್), ರಾತ್ರಿ 8:40
ಅಪ್ಪ, ಆಫೀಸಿನವರ ಜೊತೆ ನಾನು ಹೋಗಿ ಬಂದದ್ದು ಅಲ್ಲಿಗೇ ಅಲ್ವಾ. ನೀವು ಹೇಳಿದ ಹಾಗಿನ ಜಾಗವೂ ಉಂಟು, ಸುಳ್ಳಲ್ಲ. ಕಾಟ್ ಕಾಟ್ ಅಂತ ಸಾಪಾ ಪೇಟೆಗೆ ತಾಗಿಕೊಂಡೇ ಒಂದು ಹಳ್ಳಿ. ಒಳಗೆ ಹೋಗ್ಲಿಕ್ಕೆ ಟಿಕೆಟ್. ಬಾಡಿಗೆಗೆ ಅಲ್ಲಿನ ಹ್ಮಾಂಗ್ ಬುಡಕಟ್ಟಿನವರ ಬಟ್ಟೆ ಹಾಕಿ ಫೋಟೋ ತೆಗೆಸಿಕೊಳ್ಳುವವರೇ ತುಂಬ. ಆದ್ರೆ ಮುವಾಂಗ್ ಹ್ವಾ ಕಣಿವೆಗೆ ಇಳಿದು ಲಾವ್ ಚಾಯ್, ತಾ ವಾನ್ ಕಡೆ ನಡೆದ್ರೆ ಲೋಕವೇ ಬೇರೆ.

ನಮ್ಮ ಗೈಡ್ ಕಪ್ಪು ಹ್ಮಾಂಗ್ ಪಂಗಡದ ಹೆಂಗಸು. ಬೆರಳೆಲ್ಲ ನೀಲಿ. ನಾನು ಶಾಯಿ ಅಂತ ಎಣಿಸಿದೆ. ನಡೀತಾ ನಡೀತಾ ದಾರಿ ಬದಿಯ ಒಂದು ಗಿಡದ ಎಲೆ ಕಿತ್ತು ನನ್ನ ಅಂಗೈಗೆ ಹಾಕಿ ಉಜ್ಜಿದ್ಲು. ಮೊದಲು ಹಸಿರು, ಸ್ವಲ್ಪ ಹೊತ್ತು ಹೋದ ಮೇಲೆ ನೀಲಿಗೆ ತಿರುಗಿತು. ಆ ಎಲೆಯನ್ನು ನೀರಲ್ಲಿ ಕೊಳೆಸಿ ಸುಣ್ಣ ಸೇರಿಸಿ ಬಣ್ಣ ಮಾಡ್ತಾರೆ. ಬಟ್ಟೆ ಭಂಗಿ ಗಿಡದ ನಾರಿನದ್ದು, ನೂಲುದು ನೇಯುದು ಎಲ್ಲ ಮನೆಯಲ್ಲೇ. ಕಾಯಿಸಿದ ಜೇನುಮೇಣದಲ್ಲಿ ಅದರ ಮೇಲೆ ಚಿತ್ರ ಬರೆದು, ಬಣ್ಣದ ಪೀಪಾಯಿಯಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ ಮಾಡುದು. ಮೇಣ ಇದ್ದಲ್ಲಿ ಬಣ್ಣ ಹಿಡಿಯುದಿಲ್ಲ. ಕಡೆಗೆ ಬಿಸಿನೀರಿಗೆ ಹಾಕಿದ್ರೆ ಮೇಣ ಕರಗಿ ಬಿಳಿ ಚಿತ್ರ ಉಳಿತದೆ. ಒಂದು ಲಂಗಕ್ಕೆ ತಿಂಗಳುಗಟ್ಟಲೆ ಕೆಲಸ. ಇಷ್ಟನ್ನೂ ಅವಳು ಇಂಗ್ಲಿಷಲ್ಲೇ ಹೇಳಿದ್ದು. ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಬಂದ ಜನರ ಹತ್ರ ಮಾತಾಡಿಯೇ ಕಲಿತದ್ದು.

ಚಿಕ್ಕಪ್ಪ (ಮಣಿಪಾಲ)
ಅದೇ ನಾನು ಹೇಳುದು ಮಗಾ. ಅಷ್ಟು ಒಳ್ಳೆ ವಿದ್ಯೆ ಕೈಯಲ್ಲಿ ಇರುವವಳು ಅದನ್ನು ಬಿಟ್ಟು ನಿಮಗೆ ದಾರಿ ತೋರಿಸ್ತಾ ತಿರುಗ್ಬೇಕಾ? ನಾಳೆ ಅವಳ ಮಗಳು ನೇಯ್ತಾಳಾ?

ನಾನು, ರಾತ್ರಿ 9:05
ಚಿಕ್ಕಪ್ಪ, ಅಲ್ಲಿ ಎತ್ತರ ಸುಮಾರು 1,500 ಮೀಟರ್. ಚಳಿಗಾಲದಲ್ಲಿ ಕೆಲವು ವರ್ಷ ಹಿಮವೂ ಬೀಳ್ತದೆ. ಹಾಗಾಗಿ ಭತ್ತ ವರ್ಷಕ್ಕೆ ಒಂದೇ ಬೆಳೆ. ಮೇ–ಜೂನಲ್ಲಿ ನೇಜಿ ನೆಟ್ರೆ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಆ ಅಕ್ಕಿ ಮನೆಯ ಊಟಕ್ಕೆ. ಮಕ್ಕಳ ಫೀಸಿಗೆ, ಮದ್ದಿಗೆ, ಮಾಡಿನ ರಿಪೇರಿಗೆ ಕೈಯಲ್ಲಿ ನಗದು ಬೇಕು. ಅದಕ್ಕೆ ಬೇರೆ ದಾರಿ ಎಂತ ಉಂಟು? ಅವಳು ಮನೆಯಲ್ಲೇ ಕೂತು ನೇಯ್ಬೇಕು ಅಂತ ತೀರ್ಮಾನ ಮಾಡ್ಲಿಕ್ಕೆ ನಾವು ಯಾರು? ನಮ್ಮ ಮನೆಯ ಹೆಣ್ಮಕ್ಕಳು ಮಣಿಪಾಲದಲ್ಲಿ ಓದಿ ದುಬೈಗೆ ಹೋದಾಗ ಸಂಸ್ಕೃತಿ ಹಾಳಾಯ್ತು ಅಂತ ನೀವು ಹೇಳಿಲ್ಲ.

ಹೆಂಗಸರು ಗೈಡ್ ಆದದ್ದರಿಂದ ಹಾಳಾದದ್ದು ಏನೂ ಇಲ್ಲ. ಪೇಟೆಯ ಹೋಟೆಲಿನವರು, ಹನೋಯ್‌ನ ಏಜೆಂಟರು ಗಿರಾಕಿ ಹಿಡಿದು, ದೊಡ್ಡ ಪಾಲು ತಾವಿಟ್ಟು, ನಡೆಯುವವಳಿಗೆ ಚಿಲ್ಲರೆ ಕೊಡುದು ಉಂಟಲ್ಲ, ನೋವು ಅಲ್ಲಿ. ಅದಕ್ಕೇ ಅಲ್ಲಿನ ಹೆಂಗಸರು ತಾವೇ ಎದ್ದು ನಿಂತದ್ದು. ಸಾಪಾ ಸಿಸ್ಟರ್ಸ್ ಅಂತ ಹ್ಮಾಂಗ್ ಹೆಂಗಸರು ನಡೆಸುವ ಟ್ರೆಕ್ಕಿಂಗ್ ಸಂಸ್ಥೆ ಉಂಟು. ಸಾಪಾ ಓ ಚಾವ್ ಅಂತ ಇನ್ನೊಂದನ್ನು ಶುರು ಮಾಡಿದ ಶು ಟಾನ್ ಎಂಬ ಹ್ಮಾಂಗ್ ಹೆಂಗಸು ಚಿಕ್ಕಂದಿನಲ್ಲಿ ಬೀದಿಯಲ್ಲಿ ಕೈಕೆಲಸದ ಸಾಮಾನು ಮಾರಿದವರು. ಟ್ರೆಕ್ಕಿಂಗಿನ ಹಣದಿಂದ ಗುಡ್ಡದ ಮಕ್ಕಳಿಗೆ ಓದಿಸುವ ಕೆಲಸ ಮಾಡಿದ್ರು. ಇಂಥವರನ್ನು ಬಿಟ್ಟು ಹೆಸರಿಲ್ಲದ ಹಳ್ಳಿಯ ಪ್ಯಾಕೇಜಿಗೆ ನಾವು ಯಾಕೆ ಹಣ ಕಟ್ಟಬೇಕು?

ತಮ್ಮ (ಬೆಂಗಳೂರು)
ಅಕ್ಕ, ಇವರಲ್ಲಿ ಕೇಬಲ್ ಕಾರ್ ಕೂಡ ಸೇರಿ ರೇಟು. ಬೇರೆ ಬೇರೆ ಮಾಡಿದ್ರೆ ಜಾಸ್ತಿ ಆಗ್ತದೆ.

ನಾನು
ಆಗ್ಲಿ. ಫಾನ್ಸಿಪಾನ್ 3,147 ಮೀಟರ್, ಇಂಡೋಚೀನಾದಲ್ಲೇ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯ) ಎತ್ತರದ ಬೆಟ್ಟ. 2016ರಿಂದ ಕೇಬಲ್ ಕಾರಲ್ಲಿ ಕೂತವರೆಲ್ಲ ಮೇಲೆ ಹೋಗಿ ಇಳಿತಾರೆ. ನೋಡ್ಬೇಕಾದ್ರೆ ನೀನು ನೋಡು. ಆ ಟಿಕೆಟಿನ ಆಸೆಗೆ ಹಳ್ಳಿಯವರ ಪಾಲು ಕಡಿಯುವ ಪ್ಯಾಕೇಜು ಬೇಡ.

ಭಾವ (ಕಾರ್ಕಳ), ರಾತ್ರಿ 9:31
ಮಾವ ಕುದುರೆಮುಖದ ಹೆಸರು ತೆಗೆದದ್ದಕ್ಕೆ ಒಂದು ಮಾತು. ನಾವು ಕುದುರೆಮುಖ ಅಂದ್ರೆ ಗುಡ್ಡ ಮಾತ್ರ ಎಣಿಸುದು. ಕಾಡಂಚಿನಲ್ಲಿ, ಈದು, ನೂರಾಳ್ಬೆಟ್ಟು ಕಡೆ, ಆಚೆ ಬೆಳ್ತಂಗಡಿ ಬದಿಯಲ್ಲಿ ಮಲೆಕುಡಿಯ ಬುಡಕಟ್ಟಿನವರು ಇದ್ದಾರೆ. ಅವರ ವಿಷಯ ಯಾರೂ ಎತ್ತುದಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಅಂದಿನಿಂದ ಒಂದು ರಸ್ತೆ, ಒಂದು ಕರೆಂಟ್ ಕಂಬ ಬೇಕಾದ್ರೂ ಇಲಾಖೆಯ ಅನುಮತಿಗೆ ಕಾಯ್ಬೇಕು. ಕಬ್ಬಿಣದ ಅದಿರಿನ ಗಣಿ ಮಾತ್ರ ಅದೇ ಕಾಡಿನ ನಡುವೆ 2005ರ ಕೊನೆವರೆಗೆ ನಡೀತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ನಿಂತದ್ದು. ಅಲ್ಲಿ ಎಳನೀರು ಅಂತ ಒಂದು ಊರು ಉಂಟಲ್ಲ, ಆ ಊರಿನವರನ್ನು ಕೇಳಿ ನೋಡಿ. ತಾಲೂಕು ಬೆಳ್ತಂಗಡಿ, ಆದ್ರೆ ದಿಡುಪೆ ಕಡೆಗೆ ಸರಿಯಾದ ರಸ್ತೆ ಇಲ್ಲದ್ದಕ್ಕೆ ತಾಲೂಕು ಕಚೇರಿಗೆ ಬರ್ಲಿಕ್ಕೆ ಘಟ್ಟ ಸುತ್ತಿ ಬರ್ಬೇಕು ಅಂತ ಎಷ್ಟು ವರ್ಷ ಗೋಳು ಇತ್ತು. ಹತ್ತಿರದ ಗುಡ್ಡಕ್ಕೆ ಹೋಗಿ ಅಂತ ಹೇಳುವ ನಾವು ಅವರ ಮನೆಯ ಹೊಸ್ತಿಲು ದಾಟಿದ್ದೇವಾ?

ಚಿಕ್ಕಪ್ಪ (ಮಣಿಪಾಲ)
ಅದು ಸರ್ಕಾರದ ವಿಷಯ. ಹೋಂಸ್ಟೇಯಿಂದ ಅದು ಸರಿ ಆಗ್ತದಾ?

ನಾನು, ರಾತ್ರಿ 9:50
ರಸ್ತೆ ಆಗುದಿಲ್ಲ ಚಿಕ್ಕಪ್ಪ. ಆದ್ರೆ ಹುಡುಗರು ಊರು ಬಿಡದೆ ಇರ್ಬಹುದು. ಕುದುರೆಮುಖದ ಹತ್ತಿರ ಸಂಸೆ ಊರಿನ ಕಡೆ ನಾವು ಉಳಿದ ಮನೆಯಲ್ಲಿ ಆ ಮನೆಯ ಮಗನೇ ಗೈಡ್ ಆಗಿ ಬಂದ. ಹುಲ್ಲಿನ ಗುಡ್ಡ ದೂರದಿಂದ ನೋಡುವಾಗ ಬೋಳು ಅಂತ ಕಾಣ್ತದೆ. ಅವನು ಹುಲ್ಲು ಬಿಡಿಸಿ ಬುಡಕ್ಕೆ ಕೈ ಹಾಕಲಿಕ್ಕೆ ಹೇಳಿದ. ಮಳೆ ನಿಂತು ಎಷ್ಟೋ ದಿನ ಆಗಿತ್ತು, ಮಣ್ಣು ಇನ್ನೂ ತಂಪು, ಒದ್ದೆ. ಆ ನೀರು ಮೆಲ್ಲ ಇಳಿದು ಗುಡ್ಡದ ಮಡಿಕೆಯಲ್ಲಿರುವ ಶೋಲಾ ಅನ್ನುವ ದಟ್ಟ ಕಾಡಿಗೆ, ಅಲ್ಲಿಂದ ತೋಡಿಗೆ, ಹೊಳೆಗೆ. ಬೇಸಿಗೆಯಲ್ಲಿ ತುಂಬೆ ಡ್ಯಾಮಿನಿಂದ ನಮ್ಮ ಮಂಗಳೂರಿಗೆ ಬರುವ ನೇತ್ರಾವತಿ ನೀರು ಇಂಥ ಗುಡ್ಡಗಳದ್ದೇ. ಕಡವೆ ಹೆಜ್ಜೆ ಯಾವುದು, ಯಾವ ತೋಡು ಮಧ್ಯಾಹ್ನದ ಮಳೆಗೆ ದಾಟ್ಲಿಕ್ಕೆ ಆಗುದಿಲ್ಲ, ಎಲ್ಲ ಅವನಿಗೆ ಗೊತ್ತು. ಬೆಂಗಳೂರಿನ ಟ್ರೆಕ್ ಲೀಡರಿಗೆ ಇದು ಎಲ್ಲಿಂದ ಬರ್ಬೇಕು?

ಅದೇ ಮನೆಯಲ್ಲಿ ಇನ್ನೊಂದನ್ನೂ ನೋಡಿದೆ. ಶನಿವಾರ ಬೆಳಗಾಗುವ ಮೊದಲೇ ಒಂದು ಪ್ಯಾಕೇಜಿನ ಗಾಡಿ ಬಂತು. ಬಂದವರೆಲ್ಲ ಜಗಲಿಯಲ್ಲಿ ಬ್ಯಾಗ್ ಬಿಸಾಡಿ ಬಿಸಿನೀರು ಕೇಳಿದ್ರು. ಇದ್ದದ್ದು ಒಂದೇ ಹಂಡೆ. ಆ ಮನೆಯ ಅಕ್ಕ ಒಲೆಗೆ ಸೌದೆ ತುಂಬುತ್ತಾ, ನಡುನಡುವೆ ಓಡಿ ಹೋಗಿ ರೊಟ್ಟಿ ತಟ್ಟುತ್ತಾ ಒಂದು ಕ್ಷಣ ಕೂತದ್ದು ನಾನು ಕಾಣ್ಲಿಲ್ಲ. ಹೋಗುವಾಗ ಅವರಲ್ಲಿ ಒಬ್ಬರೂ ಅವರ ಮುಖ ನೋಡಿ ಬರ್ತೇವೆ ಅಂತ ಹೇಳ್ಲಿಲ್ಲ. ಹಣದ ಲೆಕ್ಕ ಕಂಪನಿಯವನ ಹತ್ರ. ಅದೂ ತಲೆಗೆ ಇಷ್ಟು ಅಂತ ಚೌಕಾಸಿ ಮಾಡಿದ್ದು. ಒಂದೇ ಮನೆ, ಒಂದೇ ಗುಡ್ಡ. ಮನೆಯವರ ಮಾತು ನಡೀತದಾ, ಕಂಪನಿಯವನ ಮಾತು ನಡೀತದಾ, ಅದರ ಮೇಲೆಯೇ ಎಲ್ಲ ನಿಂತದ್ದು. ಸಾಪಾಕ್ಕೂ ಇದೇ ಅಳತೆ, ಸಂಸೆಗೂ ಇದೇ ಅಳತೆ.

ಭಾವ (ಕಾರ್ಕಳ)
2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಆದ ವಿಡಿಯೋ ಎಲ್ಲ ಗುಂಪುಗಳಲ್ಲೂ ಬಂದಿತ್ತಲ್ಲ. ಗಣರಾಜ್ಯೋತ್ಸವದ ರಜೆಗೆ ಬಂದ ಜನ. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್ಕಿಂಗನ್ನೇ ನಿಲ್ಲಿಸಿತು. ಗಿರಿಗದ್ದೆ ಭಟ್ಟರ ಮನೆಯಲ್ಲಿ ಹತ್ತಿ ಬಂದವರಿಗೆ ಅನ್ನ ಸಾಂಬಾರ್ ಮಜ್ಜಿಗೆ ಕೊಟ್ಟು ಕಾಪಾಡಿದ ದಾರಿ ಅದು.

ದೊಡ್ಡಮ್ಮ (ಉಡುಪಿ)
ಸೆಪ್ಟೆಂಬರಲ್ಲಿ ಅಲ್ಲಿ ಮಳೆ ಇರ್ತದಾ? ಗುಡ್ಡ ಜರಿದ್ರೆ?

ತಂಗಿ (ಸುರತ್ಕಲ್)
ಇರ್ತದೆ ದೊಡ್ಡಮ್ಮ. 2024ರ ಸೆಪ್ಟೆಂಬರಲ್ಲಿ ಯಾಗಿ ಚಂಡಮಾರುತ ಬಂದಾಗ ಸಾಪಾ ಇರುವ ಅದೇ ಲಾವ್ ಕಾಯ್ ಪ್ರಾಂತ್ಯದ ಲಾಂಗ್ ನೂ ಹಳ್ಳಿಯನ್ನು ಮಣ್ಣು ನೀರು ನುಗ್ಗಿ ಕೊಚ್ಚಿಕೊಂಡು ಹೋಯ್ತು. ತುಂಬ ಜನ ತೀರಿಹೋದ್ರು. ಸಾಪಾ ಸುತ್ತಲೂ ಗುಡ್ಡ ಕುಸಿದಿತ್ತು. ನಮಗೆ 2019ರ ಆಗಸ್ಟಲ್ಲಿ ಚಾರ್ಮಾಡಿ, ದಿಡುಪೆ ಕಡೆ ಆದದ್ದು ನೆನಪುಂಟಲ್ವಾ.

ನಾನು
ಹಾಗಾಗಿ ಊರಿನ ಗೈಡೇ ಬೇಕು ಅಂತ ನಾನು ಹಠ ಮಾಡುದು. ಇವತ್ತು ಆ ದಾರಿ ಬೇಡ ಅಂತ ಅವಳು ಹೇಳಿದ್ರೆ ಬೇಡ. ಪ್ಯಾಕೇಜಿನ ಪಟ್ಟಿ ನೋಡಿ ನಡೆಸುವವ ಹಾಗೆ ನಿಲ್ಲಿಸುದಿಲ್ಲ. ತಮ್ಮಾ, ಹಳದಿ ಗದ್ದೆಯ ಫೋಟೋ ಬೇಕು ಅಂತ ಸೆಪ್ಟೆಂಬರನ್ನೇ ಹಿಡ್ಕೊಳ್ಳಬೇಡ. ಅಕ್ಟೋಬರಿಗೆ ಹಾಕು. ಕೊಯ್ಲು ಮುಗಿದಿರ್ತದೆ, ಮನೆಯವರಿಗೂ ಪುರುಸೊತ್ತು.

ದೊಡ್ಡಮ್ಮ (ಉಡುಪಿ)
ನಾನು ಬಂದ್ರೆ ಊಟಕ್ಕೆ ಎಂತ ಮಾಡುದು?

ತಂಗಿ (ಸುರತ್ಕಲ್)
ಅನ್ನ, ತೋಫು, ಸೊಪ್ಪು, ಕೋಸು ಎಲ್ಲ ಸಿಗ್ತದೆ. ಆದ್ರೆ ಮೀನಿನ ಸಾಸ್, ಹಂದಿ ಕೊಬ್ಬು ಬೇಡ ಅಂತ ಮೊದಲೇ ಹೇಳ್ಬೇಕು. ಅಲ್ಲಿ ಹೋಗಿ ತಟ್ಟೆ ಎದುರು ಹೇಳಿದ್ರೆ ಅವರಿಗೆ ಬೇಜಾರು. ರಾತ್ರಿ ಅಕ್ಕಿಯ ಸಾರಾಯಿ ಕುಡೀಲಿಕ್ಕೆ ಒತ್ತಾಯ ಮಾಡ್ತಾರೆ, ನಗಾಡಿ ಬೇಡ ಅಂದ್ರೆ ಸಾಕು.

ಚಿಕ್ಕಪ್ಪ (ಮಣಿಪಾಲ), ರಾತ್ರಿ 10:14
ಹಣ ಸರಿಯಾಗಿ ಕೊಟ್ಟ ಕೂಡಲೇ ಹೋದವ ನೆಂಟ ಆಗುದಿಲ್ಲ ಮಗಾ. ನನ್ನ ಮಾತು ಅಷ್ಟೇ. ಮಕ್ಕಳ ಮುಖಕ್ಕೆ ಕ್ಯಾಮರಾ ಹಿಡಿಯುದು, ಅಡಿಗೆ ಮನೆಗೆ ನುಗ್ಗುದು, ಅದೆಲ್ಲ ಹಣ ಕೊಟ್ಟವರೇ ಮಾಡುದು.

ನಾನು
ಆ ಮಾತು ನೂರಕ್ಕೆ ನೂರು ಒಪ್ಪಿದೆ ಚಿಕ್ಕಪ್ಪ. ಹಾಗಂತ ಹೋಗುದೇ ಬೇಡ ಅಂತ ಅಲ್ಲ, ಹೋಗುವ ಕ್ರಮದಲ್ಲಿ ಹೋಗ್ಬೇಕು. ಕೇಳದೆ ಫೋಟೋ ಇಲ್ಲ. ದಾರಿಯಲ್ಲಿ ಮಕ್ಕಳು ಬಳೆ, ಪರ್ಸು ಹಿಡ್ಕೊಂಡು ಬಂದ್ರೆ ತಗೊಳ್ಳುದಿಲ್ಲ. ಆ ವ್ಯಾಪಾರ ನಡೆದಷ್ಟು ದಿನ ಅವು ಶಾಲೆಗೆ ಹೋಗುದಿಲ್ಲ, ಮಕ್ಕಳಿಂದ ತಗೊಳ್ಳಬೇಡಿ ಅಂತ ಅಲ್ಲಿ ಬೋರ್ಡೇ ಹಾಕಿದ್ದಾರೆ. ಬಟ್ಟೆ ಬೇಕಾದ್ರೆ ನೇಯ್ದವಳ ಕೈಯಿಂದಲೇ, ಅವಳು ಹೇಳಿದ ಕ್ರಯಕ್ಕೆ.

ತಮ್ಮಾ, ಈಗ ನೀನು ಎಂತ ಮಾಡ್ಬೇಕು ಅಂದ್ರೆ, ಹ್ಮಾಂಗ್ ಹೆಂಗಸರು ನಡೆಸುವಲ್ಲಿಗೆ ನೇರ ಬರಿ. ಗೈಡ್ ಯಾವ ಹಳ್ಳಿಯವಳು, ದಿನಕ್ಕೆ ಅವಳ ಕೈಗೆ ಎಷ್ಟು ಸಿಗ್ತದೆ, ಮನೆಯವರಿಗೆ ಎಷ್ಟು, ಒಂದು ರಾತ್ರಿ ಎಷ್ಟು ಜನರನ್ನು ಇಟ್ಟುಕೊಳ್ತಾರೆ, ಮಳೆ ಬಂದ್ರೆ ದಾರಿ ಬದಲಿಸುವ ಹಕ್ಕು ಗೈಡಿಗೆ ಉಂಟಾ, ಇಷ್ಟು ಕೇಳು. ಸಂಕೋಚ ಬೇಡ. ಸರಿಯಾಗಿ ನಡೆಸುವವರು ಸಂತೋಷದಲ್ಲಿ ಹೇಳ್ತಾರೆ. ಹೇಳದಿದ್ರೆ ಬಿಟ್ಟು ಬಿಡು. ಹನೋಯ್‌ಯಿಂದ ಲಾವ್ ಕಾಯ್‌ವರೆಗೆ 2014ರಲ್ಲಿ ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ಸಾಪಾಕ್ಕೆ ಬಸ್ಸಲ್ಲಿ ಐದಾರು ಗಂಟೆ, ಅಷ್ಟಕ್ಕೆ ಏಜೆಂಟ್ ಬೇಕಾಗಿಲ್ಲ. ವೀಸಾ ಆನ್‌ಲೈನಲ್ಲೇ ಆಗ್ತದೆ.

ಭಾವ (ಕಾರ್ಕಳ)
ಇದೇ ಪ್ರಶ್ನೆ ಡಿಸೆಂಬರಲ್ಲಿ ಸಂಸೆಗೆ ಹೋಗುವಾಗಲೂ ಕೇಳುವ. ಮಾವ, ಅದಕ್ಕೆ ನೀವು ಬರ್ಬೇಕು. ಇಲಾಖೆಯ ಪರ್ಮಿಟ್ ನಾನು ನೋಡ್ತೇನೆ. ಸಂಜೆಯ ಒಳಗೆ ಇಳಿಯುದು, ಮೇಲೆ ಟೆಂಟ್ ಇಲ್ಲ.

ಚಿಕ್ಕಪ್ಪ (ಮಣಿಪಾಲ)
ಸಂಸೆಗೆ ಬರ್ತೇನೆ. ಆ ಹಂಡೆಯ ಮನೆಗೇ ಹೋಗುವ. ಎರಡು ರಾತ್ರಿ ನಿಲ್ಲುವ, ಓಡಿಕೊಂಡು ಬೇಡ. ವಿಯೆಟ್ನಾಂ ನೀವು ಹೋಗಿ ಬನ್ನಿ.

ತಮ್ಮ (ಬೆಂಗಳೂರು), ರಾತ್ರಿ 10:41
ಅಡ್ವಾನ್ಸ್ ಕಟ್ಟಿಲ್ಲ ಅಕ್ಕ. ಅಕ್ಟೋಬರಿಗೆ ಅಂತ ಈಗಲೇ ಬರೀತೇನೆ. ದೊಡ್ಡಮ್ಮ, ನಿಮ್ಮ ಪಾಸ್‌ಪೋರ್ಟ್ ಯಾವಾಗ ಮುಗೀತದೆ ನೋಡಿ ಹೇಳಿ.

ದೊಡ್ಡಮ್ಮ (ಉಡುಪಿ)
ಕಪಾಟಿನಲ್ಲಿ ಉಂಟು. ನಾಳೆ ಬೆಳಿಗ್ಗೆ ಫೋಟೋ ತೆಗೆದು ಹಾಕ್ತೇನೆ.