ದೊಡ್ಡ ಎಲೆಕ್ಟ್ರಿಕ್ ವಿಮಾನದ ಮಾಡೆಲ್: ಫ್ಯಾನ್ ಆಮೇಲೆ, ಮೊದಲು ರೆಕ್ಕೆ

ಪ್ರಶ್ನೆ: ಸರ್, ನಮಸ್ಕಾರ. ಏರ್‌ಬಸ್ ಎ320 ಪ್ರಯಾಣಿಕ ವಿಮಾನದ, ರಿಮೋಟ್‌ನಿಂದ ಹಾರಿಸೋ ಮಾಡೆಲ್ ಒಂದನ್ನು 1:13 ಅಳತೆಯಲ್ಲಿ ಕಟ್ಟೋಕೆ ಹೊರಟಿದ್ದೀನಿ. ರೆಕ್ಕೆಯ ಹರವು 2.62 ಮೀಟರ್, ಉದ್ದ 2.89 ಮೀಟರ್ ಬರುತ್ತೆ. ಎಲ್ಲ ಸೇರಿ ತೂಕ 12 ಕೆ.ಜಿ. ಆಗಬಹುದು ಅಂತ ಅಂದಾಜು. ಎರಡು 120 ಎಂ.ಎಂ. ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗೋ ಫ್ಯಾನ್), 12ಎಸ್ ಬ್ಯಾಟರಿ (12 ಸೆಲ್ ಸಾಲಾಗಿ ಜೋಡಿಸಿದ್ದು) ಹಾಕೋ ಯೋಚನೆ ಇದೆ. ಒಂದೊಂದು ಫ್ಯಾನೂ 7.5 ಕೆ.ಜಿ. ಥ್ರಸ್ಟ್ (ತಳ್ಳೋ ಬಲ) ಕೊಡುತ್ತೆ ಅಂತ ಅದರ ಪಟ್ಟಿಯಲ್ಲಿ ಬರೆದಿದೆ. ಇಷ್ಟು ಸಾಕಾಗುತ್ತಾ? ಇದುವರೆಗೆ ನಾನು ಹಾರಿಸಿರೋದು ಟ್ರೇನರ್‌ಗಳು ಮತ್ತು ಒಂದು 70 ಎಂ.ಎಂ. ಫೋಮ್ ಜೆಟ್ ಮಾತ್ರ.

ಉತ್ತರ: ಸಾಕಾಗೋದಲ್ಲ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಆಯ್ತು. 12 ಕೆ.ಜಿ. ವಿಮಾನಕ್ಕೆ 15 ಕೆ.ಜಿ. ಥ್ರಸ್ಟ್ ಅಂದ್ರೆ ಅದು ಯುದ್ಧವಿಮಾನದ ಲೆಕ್ಕ. ನಿಜವಾದ ಎ320 ತುಂಬಿದ ತೂಕ ಸುಮಾರು 78 ಟನ್ ಇದ್ದಾಗ, ಎರಡೂ ಎಂಜಿನ್ ಸೇರಿ ಕೊಡೋದು ಆ ತೂಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮಾಡೆಲ್‌ಗೆ ಅಷ್ಟು ಕಮ್ಮಿ ಇಟ್ಟರೆ ಕಷ್ಟ, ನಮ್ಮ ರನ್‌ವೇ ಚಿಕ್ಕದು. ತೂಕದ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಡಾಂಬರಿನ ರನ್‌ವೇಯಿಂದ ಚೆನ್ನಾಗಿ ಏಳುತ್ತೆ. ಹುಲ್ಲಿನ ಮೈದಾನವಾದರೆ ಮುಕ್ಕಾಲು ಭಾಗ ಇಟ್ಟುಕೊಳ್ಳಿ.

ಹಾಗಂತ ಫ್ಯಾನನ್ನು ಚಿಕ್ಕದು ಮಾಡಬೇಡಿ. 120 ಎಂ.ಎಂ. ಇರಲಿ, ವೋಲ್ಟೇಜ್ ಇಳಿಸಿ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳೋದಕ್ಕಿಂತ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಅದೇ ಥ್ರಸ್ಟ್ ಕಡಿಮೆ ವಿದ್ಯುತ್ತಿಗೆ ಸಿಗುತ್ತೆ. ಅದೇ ಮೋಟಾರನ್ನು 12ಎಸ್ ಬದಲು 10ಎಸ್‌ನಲ್ಲಿ ಓಡಿಸಿದರೆ ಥ್ರಸ್ಟ್ ಹೆಚ್ಚುಕಮ್ಮಿ 70 ಶೇಕಡಕ್ಕೆ ಇಳಿಯುತ್ತೆ, ಅಂದ್ರೆ ಒಂದಕ್ಕೆ 5.2 ಕೆ.ಜಿ. ಅದಕ್ಕೆ ಬೇಕಾಗೋ ಶಕ್ತಿ 58 ಶೇಕಡಕ್ಕೇ ಇಳಿದುಬಿಡುತ್ತೆ. ಬ್ಯಾಟರಿ ಹಗುರ, ತಂತಿ ಸಣ್ಣದು, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸೋ ಸಾಧನ) ತಣ್ಣಗಿರುತ್ತೆ. ಹಿಂದಿನಿಂದ ಹೊರಡೋ ಗಾಳಿಯ ವೇಗ ಕಡಿಮೆಯಾಗುತ್ತೆ ನಿಜ, ಆದರೆ ನೀವು ಹಾರಿಸೋದು ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ. ಆ ವೇಗಕ್ಕೆ ಅಷ್ಟು ಧಾರಾಳ ಸಾಕು.

ಈಗ ನೀವು ಕೇಳದೇ ಇರೋ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ನನಗೆ ಮುಖ್ಯ ಅನ್ನಿಸೋದು ಅದೇ. ಈ ವಿಮಾನ ಎಷ್ಟು ನಿಧಾನವಾಗಿ ಹಾರಬಲ್ಲದು? ನಿಜವಾದ ರೆಕ್ಕೆಯ ವಿಸ್ತೀರ್ಣ 122.6 ಚದರ ಮೀಟರ್. ಅದನ್ನು 13ರ ವರ್ಗ 169ರಿಂದ ಭಾಗಿಸಿದರೆ ನಿಮಗೆ ಉಳಿಯೋದು 0.725 ಚದರ ಮೀಟರ್. 12 ಕೆ.ಜಿ. ತೂಕ ಅದರ ಮೇಲೆ ಕೂತಾಗ ಪ್ರತಿ ಚದರ ಮೀಟರಿಗೆ 16.5 ಕೆ.ಜಿ. ಹೊರೆ. ಫ್ಲಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಇಳಿಸೋ ಪಟ್ಟಿ) ಇಲ್ಲದೆ ಗಂಟೆಗೆ ಸುಮಾರು 56 ಕಿ.ಮೀ. ವೇಗದಲ್ಲಿ ಸ್ಟಾಲ್, ಅಂದ್ರೆ ರೆಕ್ಕೆಯ ಎತ್ತುವ ಬಲ ಕುಸಿಯೋದು; ಫ್ಲಾಪ್ ಪೂರ್ತಿ ಇಳಿಸಿದರೆ 46ರ ಹತ್ತಿರ. ತೂಕ 12 ಇದ್ದದ್ದು 15 ಆದರೆ ಈ ಎರಡೂ ಅಂಕಿ 12 ಶೇಕಡ ಏರುತ್ತವೆ. ಆದ್ದರಿಂದ ಇವತ್ತಿನಿಂದಲೇ ತಕ್ಕಡಿ ಕೈಗೆತ್ತಿಕೊಳ್ಳಿ. ಪ್ರತಿ ಭಾಗವನ್ನೂ ತೂಗಿ ಬರೆದಿಡಿ. ಮುಖ್ಯವಾಗಿ ಬಾಲದ ಕಡೆ. ಇಷ್ಟು ಉದ್ದದ ಒಡಲಿನಲ್ಲಿ ಹಿಂದೆ 50 ಗ್ರಾಂ ಪುಟ್ಟಿ, ಬಣ್ಣ ಜಾಸ್ತಿಯಾದರೆ ಅದನ್ನು ಸರಿದೂಗಿಸೋಕೆ ಮುಂದೆಯೂ ತೂಕ ಹೊರಬೇಕಾಗುತ್ತೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. 10ಎಸ್‌ಗೇ ಹೋಗ್ತೀನಿ. ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ನಿಜವಾದ ವಿಮಾನದ್ದನ್ನೇ ಇಡಬಹುದಾ? ನೋಡೋಕೆ ಅದೇ ಥರ ಇರಲಿ ಅಂತ ಆಸೆ.

ಉತ್ತರ: ಮೇಲಿನಿಂದ ಕಾಣೋ ಆಕಾರ ಅದೇ ಇರಲಿ, ಅಡ್ಡಕೊಯ್ತ ಬೇಡ. ಗಾಳಿಗೆ ಗಾತ್ರ ಗೊತ್ತಾಗುತ್ತೆ. ಇಳಿಯುವಾಗ ನಿಜವಾದ ಎ320 ರೆಕ್ಕೆಯ ರೆನಾಲ್ಡ್ಸ್ ಸಂಖ್ಯೆ (ಗಾತ್ರ, ವೇಗಕ್ಕೆ ತಕ್ಕಂತೆ ಗಾಳಿ ಹೇಗೆ ಹರಿಯುತ್ತೆ ಅಂತ ಹೇಳೋ ಅಂಕಿ) ಸುಮಾರು 2 ಕೋಟಿ. ನಿಮ್ಮ ಮಾಡೆಲ್‌ನದು ಸರಾಸರಿ 3 ಲಕ್ಷ ಚಿಲ್ಲರೆ. ರೆಕ್ಕೆಯ ತುದಿ 11–12 ಸೆಂ.ಮೀ. ಅಗಲ ಮಾತ್ರ ಇರೋದರಿಂದ ಅಲ್ಲಿ ಒಂದು ಲಕ್ಷದಷ್ಟಕ್ಕೆ ಇಳಿಯುತ್ತೆ. ಶಬ್ದದ ವೇಗದ ಹತ್ತಿರ ಹಾರೋಕೆ ರೂಪಿಸಿದ ಆಕಾರ ಇಲ್ಲಿ ಏನೂ ಕೊಡಲ್ಲ. ಕಡಿಮೆ ವೇಗಕ್ಕೆ ಹೊಂದೋ, ಮುಂಚೂಣಿ ಸ್ವಲ್ಪ ದುಂಡಗಿರೋ ಆಕಾರ ಆರಿಸಿ. ತುದಿಯನ್ನು ಬುಡಕ್ಕಿಂತ 2ರಿಂದ 3 ಡಿಗ್ರಿ ಕೆಳಕ್ಕೆ ತಿರುಚಿ.

ಈ ತಿರುಚು ಯಾಕೆ ಅಂದ್ರೆ, ಹಿಂದಕ್ಕೆ ಬಾಗಿದ ರೆಕ್ಕೆಯ ಮೇಲೆ ಗಾಳಿ ಮೆಲ್ಲಗೆ ತುದಿಯ ಕಡೆ ಸರಿಯುತ್ತೆ, ಸ್ಟಾಲ್ ಅಲ್ಲೇ ಶುರುವಾಗುತ್ತೆ. ತುದಿ ಇರೋದು ತೂಕದ ಕೇಂದ್ರಕ್ಕಿಂತ ಹಿಂದೆ. ಅಲ್ಲಿ ಎತ್ತುವ ಬಲ ಹೋದರೆ ಮೂಗು ಇಳಿಯೋ ಬದಲು ಏಳುತ್ತೆ. ವೇಗ ಇನ್ನೂ ಕುಸಿಯುತ್ತೆ, ಒಂದು ಕಡೆ ಮೊದಲು ಬೀಳುತ್ತೆ. ಆಗ ಎತ್ತರ ಇಲ್ಲದಿದ್ದರೆ ಮಾಡೋದು ಏನೂ ಉಳಿದಿರಲ್ಲ.

ನನ್ನ ಎರಡನೇ ದೊಡ್ಡ ಮಾಡೆಲ್ ಹೋದದ್ದು ಹೀಗೇ. ತೂಕದ ಕೇಂದ್ರವನ್ನು ರೆಕ್ಕೆಯ ಬುಡದ ಅಗಲದಿಂದ ಲೆಕ್ಕ ಹಾಕಿದ್ದೆ. ಲೆಕ್ಕ ಹಾಕಬೇಕಾದ್ದು ಸರಾಸರಿ ಏರೋಡೈನಮಿಕ್ ಅಗಲದಿಂದ, ಅಂದ್ರೆ ಇಡೀ ರೆಕ್ಕೆಯನ್ನು ಪ್ರತಿನಿಧಿಸೋ ಅಗಲದಿಂದ. ಹತ್ತಾರು ಮಿಲಿಮೀಟರ್ ಹಿಂದೆ ಬಂತು ಅಷ್ಟೇ. ಮೂರು ಸಲ ಚೆನ್ನಾಗಿಯೇ ಹಾರಿತು. ನಾಲ್ಕನೇ ಸಲ ಇಳಿಯೋಕೆ ತಿರುಗುವಾಗ ತಿರುವು ಸ್ವಲ್ಪ ಬಿಗಿಯಾಯಿತು, ಎಡ ತುದಿ ಜಾರಿತು. ಎಂಟು ತಿಂಗಳ ಕೆಲಸ. ಅವತ್ತಿನಿಂದ ಆ ಅಳತೆಯನ್ನು ಎರಡು ಸಲ, ಬೇರೆಬೇರೆ ದಿನ ಮಾಡ್ತೀನಿ.

ನಿಮ್ಮ ರೆಕ್ಕೆಗೆ ಹಿಂದಿನ ಅಂಚಿನಲ್ಲಿ ಒಂದು ಮುರಿ (ಅಂಚಿನ ಗೆರೆ ದಿಕ್ಕು ಬದಲಿಸೋ ಜಾಗ) ಇದೆ. ಅದಕ್ಕೇ ಒಳಭಾಗ, ಹೊರಭಾಗ ಅಂತ ಎರಡಾಗಿ ಒಡೆದು ಸರಾಸರಿ ಅಗಲ ತೆಗೆಯಿರಿ, ಆಮೇಲೆ ವಿಸ್ತೀರ್ಣಕ್ಕೆ ತಕ್ಕ ಹಾಗೆ ಕೂಡಿಸಿ. ಸುಮಾರು 32 ಸೆಂ.ಮೀ. ಬರಬೇಕು. ಅದರ ಮುಂದಿನ ಅಂಚಿನಿಂದ 25 ಶೇಕಡ, ಅಂದ್ರೆ 8 ಸೆಂ.ಮೀ., ಮೊದಲ ಹಾರಾಟಕ್ಕೆ ತೂಕದ ಕೇಂದ್ರ ಅಲ್ಲಿರಲಿ. ಅಲ್ಲಿಂದ 15 ಎಂ.ಎಂ. ಸರಿದರೆ ಅದು ಸುಮಾರು 5 ಶೇಕಡ, ಸಣ್ಣ ವಿಷಯವಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಂದು ಬೇರೆ ಮಾಡೆಲ್, ಫ್ಯಾನ್ ಅದೇ ಅಳತೆಯದು. ಫ್ಯಾನನ್ನು ಬರೀ ಮೇಜಿನ ಮೇಲೆ ಕಟ್ಟಿ ತೂಗಿದಾಗ ಬಂದ ಥ್ರಸ್ಟ್‌ಗಿಂತ ಎಂಜಿನ್ ಗೂಡಿನೊಳಗೆ ಕೂರಿಸಿದಾಗ ಕಾಲು ಭಾಗ ಕಡಿಮೆ ತೋರಿಸ್ತಿದೆ. ಸದ್ದು ಕೂಡ ಗೊರಗೊರ ಅನ್ನುತ್ತೆ. ಫ್ಯಾನ್ ಹಾಳಾಗಿದೆಯಾ?

ಉತ್ತರ: ಫ್ಯಾನ್ ಚೆನ್ನಾಗಿದೆ ಅಂತಲೇ ಅಂದುಕೊಳ್ತೀನಿ, ಆ ಗೊರಗೊರ ಸದ್ದೇ ಕಾರಣ ಹೇಳ್ತಿದೆ. ವಿಮಾನ ನಿಂತಲ್ಲೇ ಇರುವಾಗ ಫ್ಯಾನ್ ಎದುರಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಗೂಡಿನ ಹಿಂದಿನಿಂದಲೂ ಗಾಳಿ ಎಳೆದುಕೊಳ್ಳುತ್ತೆ. ಗೂಡಿನ ತುಟಿ (ಮುಂದಿನ ಅಂಚು) ತೆಳ್ಳಗೆ ಚೂಪಾಗಿದ್ದರೆ ಆ ಗಾಳಿಗೆ ಅಷ್ಟು ಬಿಗಿಯಾಗಿ ತಿರುಗೋಕೆ ಆಗಲ್ಲ, ಒಳಗೋಡೆಯಿಂದ ಬಿಡಿಸಿಕೊಂಡು ಸುಳಿಯಾಗುತ್ತೆ. ಎಲೆಗಳ ಹೊರತುದಿಗೆ ಒಳ್ಳೆಯ ಗಾಳಿ ಸಿಗಲ್ಲ, ಕೆಲಸದ ಬಹುಪಾಲು ಆಗಬೇಕಾದ್ದು ಅಲ್ಲೇ. ಪರೀಕ್ಷಿಸೋಕೆ ಸುಲಭದ ದಾರಿ ಇದೆ: ಫೋಮಿನಿಂದ ಒಂದು ದಪ್ಪ ದುಂಡು ಬಳೆ ಮಾಡಿ ತುಟಿಯ ಮುಂದೆ ತಾತ್ಕಾಲಿಕವಾಗಿ ಅಂಟಿಸಿ, ಗಟ್ಟಿಯಾಗಿ ಕೂತಿದೆಯಾ ನೋಡಿಕೊಂಡು ಮತ್ತೆ ತೂಗಿ. ಥ್ರಸ್ಟ್ ವಾಪಸ್ ಬಂದರೆ ಕಾಯಿಲೆ ಗೊತ್ತಾಯ್ತು. ಆಮೇಲೆ ತುಟಿಯ ಒಳಬದಿಯನ್ನು 10–12 ಎಂ.ಎಂ. ತ್ರಿಜ್ಯದಲ್ಲಿ ದುಂಡಗೆ ಮಾಡಿ. ಹೊರ ಆಕಾರ ಕೆಡಬೇಕಾಗಿಲ್ಲ, ಪ್ರಯಾಣಿಕ ವಿಮಾನದ ಗೂಡು ಫ್ಯಾನ್‌ಗಿಂತ ಅಗಲ, ಜಾಗ ಇರುತ್ತೆ.

ಹಿಂದುಗಡೆಯೂ ನೋಡಿ. ನಡುವಿನ ಮೋಟಾರ್ ಡಬ್ಬಿ ಬಿಟ್ಟು ಫ್ಯಾನ್ ಎಲೆಗಳು ಸುತ್ತೋ ವಿಸ್ತೀರ್ಣ ಎಷ್ಟಿದೆಯೋ ಅದರ 85ರಿಂದ 90 ಶೇಕಡ ಹೊರಬಾಗಿಲಿಗೆ ಇರಬೇಕು. ಚೆಂದಕ್ಕೆ ಅಂತ ನಿಜವಾದ ಎಂಜಿನ್‌ನ ಹಾಗೆ ನಡುವೆ ಶಂಕು ಕೂರಿಸಿರ್ತೀರಿ. ಅದು ತಿನ್ನೋ ಜಾಗವನ್ನು ಕಳೆದು ಲೆಕ್ಕ ಹಾಕಿ. ಹೆಚ್ಚಿನವರು ಅದನ್ನು ಕಳೆಯೋದೇ ಇಲ್ಲ. ಗಾಳಿ ಹಾದುಹೋಗೋ ದಾರಿಯಲ್ಲಿ ಮೋಟಾರಿನ ಮೂರು ತಂತಿ ಅಡ್ಡಾದಿಡ್ಡಿ ಬಂದಿದ್ದರೆ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿ, ಮೇಲೊಂದು ತೆಳುವಾದ ಹೊದಿಕೆ ಕೊಡಿ.

ತೂಗುವಾಗ ಫ್ಯಾನ್ ತಿರುಗೋ ಸಮತಲದಲ್ಲಿ ಯಾರೂ ನಿಲ್ಲಬಾರದು. ಎಲೆ ಬಿರಿದರೆ ಚೂರು ಹಾರೋದು ಪಕ್ಕಕ್ಕೆ.

ಅದೇ ಸದಸ್ಯರು: ಬಳೆ ಅಂಟಿಸಿ ನೋಡಿದೆ ಸರ್! ಕಳೆದುಹೋದದ್ದು ಬಹುಪಾಲು ವಾಪಸ್ ಬಂತು. ಸದ್ದೂ ನುಣುಪಾಯಿತು. ಆದರೆ ಇನ್ನೊಂದು ಸಮಸ್ಯೆ. ಬಲಗಡೆಯ ಇಎಸ್‌ಸಿ ಹೋದ ವಾರ ಪಟ್ ಅಂತ ಸುಟ್ಟುಹೋಯ್ತು. ಕರೆಂಟ್ ಮಿತಿಯೊಳಗೇ ಇತ್ತು. ಬ್ಯಾಟರಿ ಒಡಲಿನಲ್ಲಿದೆ, ಇಎಸ್‌ಸಿ ಎಂಜಿನ್ ಗೂಡಿನಲ್ಲಿದೆ.

ಉತ್ತರ: ನಡುವೆ ಎಷ್ಟು ಉದ್ದದ ತಂತಿ ಹಾಕಿದ್ದೀರಿ? ಅರ್ಧ ಮೀಟರ್ ಮೇಲಿದ್ದರೆ ಅದೇ ಕಾರಣ ಇರಬಹುದು. ಇಎಸ್‌ಸಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತೆ. ಉದ್ದದ ತಂತಿಯಲ್ಲಿ ಹರಿಯೋ ಕರೆಂಟ್ ತಟ್ಟನೆ ನಿಲ್ಲೋಕೆ ಒಪ್ಪಲ್ಲ, ಪ್ರತಿ ಸಲವೂ ವೋಲ್ಟೇಜ್ ಚಿಮ್ಮುತ್ತೆ. ಆ ಚಿಮ್ಮನ್ನು ನುಂಗೋದು ಇಎಸ್‌ಸಿಯ ಬಾಯಲ್ಲಿರೋ ಕೆಪಾಸಿಟರ್‌ಗಳು. ನುಂಗಿ ನುಂಗಿ ಬಿಸಿಯಾಗಿ ಕೊನೆಗೆ ಸಾಯ್ತವೆ.

ಇಎಸ್‌ಸಿಯನ್ನು ಒಡಲಿಗೆ, ಬ್ಯಾಟರಿಯ ಪಕ್ಕಕ್ಕೆ ತನ್ನಿ. ಉದ್ದ ಮಾಡೋದಾದರೆ ಮೋಟಾರ್ ಕಡೆಯ ಮೂರು ತಂತಿ ಉದ್ದ ಮಾಡಿ. ತಂಪು ಮಾಡೋಕೆ ಅಲ್ಲಿ ಗಾಳಿ ಸಿಗಲ್ಲ ಅಂತ ಗೂಡಿನಲ್ಲೇ ಇಡಬೇಕಾದರೆ ಹೆಚ್ಚುವರಿ ತಂತಿಯ ಪ್ರತಿ 10 ಸೆಂ.ಮೀ.ಗೆ 220 ಮೈಕ್ರೋಫ್ಯಾರಡ್‌ನಂತೆ, ಒಳಪ್ರತಿರೋಧ ಕಡಿಮೆ ಇರೋ ಕೆಪಾಸಿಟರ್‌ಗಳನ್ನು ಇಎಸ್‌ಸಿಗೆ ಅಂಟಿದಂತೆ ಬೆಸುಗೆ ಹಾಕಿ. 10ಎಸ್ ಪೂರ್ತಿ ತುಂಬಿದಾಗ 42 ವೋಲ್ಟ್, ಹಾಗಾಗಿ ಕೆಪಾಸಿಟರ್ 63 ವೋಲ್ಟಿನದು ಇರಲಿ. ಪ್ಲಸ್, ಮೈನಸ್ ತಂತಿಗಳನ್ನು ದೂರದೂರ ಎಳೆಯದೆ ಒಂದಕ್ಕೊಂದು ತಾಗಿದಂತೆ ಒಯ್ಯಿರಿ, ಅದರಿಂದಲೂ ಚಿಮ್ಮು ತಗ್ಗುತ್ತೆ. ಕಿಡಿ ಹಾರದಂಥ ಕನೆಕ್ಟರ್ ಹಾಕೋದನ್ನು ಮರೀಬೇಡಿ.

ಮತ್ತೊಬ್ಬರ ಪ್ರಶ್ನೆ: ರೆಕ್ಕೆಗೆ ಥರ್ಮೋಕೋಲ್ ತಿರುಳು, ಮೇಲೆ ಗಾಜಿನ ಬಟ್ಟೆ. ಯಾವ ರೆಸಿನ್?

ಉತ್ತರ: ಎಪಾಕ್ಸಿ ಮಾತ್ರ. ಪಾಲಿಯೆಸ್ಟರ್ ರೆಸಿನ್ ಮತ್ತು ಮಾಮೂಲಿ ಸೂಪರ್ ಗ್ಲೂ ತಿರುಳನ್ನು ಕರಗಿಸ್ತವೆ. ಹೊಸ ಡಬ್ಬಿ ಯಾವುದೇ ಇರಲಿ, ಮೊದಲು ಒಂದು ತುಂಡಿನ ಮೇಲೆ ಹಚ್ಚಿ ರಾತ್ರಿಯಿಡೀ ಬಿಟ್ಟು ನೋಡಿ.

ಮೊದಲು ಕೇಳಿದವರು: ಸರ್, ಹಾರುತ್ತಿರುವಾಗ ಒಂದು ಫ್ಯಾನ್ ನಿಂತುಬಿಟ್ಟರೆ? ಎರಡು ಫ್ಯಾನ್‌ಗೆ ಎರಡು ಪ್ರತ್ಯೇಕ ಬ್ಯಾಟರಿ ಇಟ್ಟಿದ್ದೀನಿ.

ಉತ್ತರ: ನಿಮ್ಮ ಅಳತೆಯಲ್ಲಿ ಫ್ಯಾನ್ ನಡುಗೆರೆಯಿಂದ 44 ಸೆಂ.ಮೀ. ಆಚೆ ಇದೆ. ಪೂರ್ತಿ ಥ್ರಸ್ಟ್‌ನಲ್ಲಿ ಒಂದು ನಿಂತರೆ ಮೂಗು ಆ ಕಡೆಗೆ ತಿರುಗುತ್ತೆ, ಹಿಂದೆಯೇ ಆ ರೆಕ್ಕೆ ಬೀಳುತ್ತೆ. ಕೈ ತಾನಾಗಿ ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸೋ ರೆಕ್ಕೆಯ ಪಟ್ಟಿ) ಕಡೆ ಹೋಗುತ್ತೆ. ನಿಧಾನವಾಗಿ ಹಾರ್ತಿರುವಾಗ ಅದು ಬೀಳೋ ತುದಿಯನ್ನೇ ಸ್ಟಾಲ್‌ಗೆ ತಳ್ಳುತ್ತೆ. ಮೊದಲು ಥ್ರಾಟಲ್ (ಫ್ಯಾನಿಗೆ ಕೊಡೋ ಶಕ್ತಿ) ಇಳಿಸಿ, ಮೂಗು ತಗ್ಗಿಸಿ, ಬಾಲದ ರಡ್ಡರ್‌ನಿಂದ (ಮೂಗನ್ನು ಎಡಬಲಕ್ಕೆ ತಿರುಗಿಸೋ ಪಟ್ಟಿ) ನೇರ ಮಾಡಿ. ಆಮೇಲೆ ಉಳಿದ ಫ್ಯಾನನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಬ್ಯಾಟರಿಗಳನ್ನು ಜೋಡಿ ಅಂತ ಗುರುತು ಹಾಕಿ, ಒಟ್ಟಿಗೇ ಚಾರ್ಜ್ ಮಾಡಿ, ಜೋಡಿ ಮುರೀಬೇಡಿ. ರಿಸೀವರ್ ಮತ್ತು ಸರ್ವೋಗಳಿಗೆ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸೋ ಪುಟ್ಟ ಮೋಟಾರ್‌ಗಳು) ಈ ಎರಡರಿಂದಲೂ ವಿದ್ಯುತ್ ತೆಗೀಬೇಡಿ, ಅದಕ್ಕೆ ಬೇರೆಯೇ ಬ್ಯಾಟರಿ ಇರಲಿ.

ಮೊದಲು ಕೇಳಿದವರು: ಕೊನೆಯದಾಗಿ ಸರ್, ಮೊದಲ ಹಾರಾಟ. ಭಯ ಇರೋದು ಇಳಿಸೋದರ ಬಗ್ಗೆಯೇ.

ಉತ್ತರ: ಆ ಭಯ ಸರಿಯಾದ ಜಾಗದಲ್ಲೇ ಇದೆ. ಏಳೋದು ಸುಲಭ: ಮೂರು ನಾಲ್ಕು ಸೆಕೆಂಡು ತಗೊಂಡು ಥ್ರಾಟಲ್ ಏರಿಸಿ, ಫ್ಲಾಪ್ 10–15 ಡಿಗ್ರಿ, ಮೂಗನ್ನು ಕೀಳಬೇಡಿ, ಮೆಲ್ಲಗೆ ಎತ್ತಿ. ಎಂಜಿನ್ ರೆಕ್ಕೆಯ ಕೆಳಗಿರೋದರಿಂದ ಥ್ರಾಟಲ್ ಏರಿಸಿದ ಕೂಡಲೇ ಮೂಗು ತಾನಾಗಿಯೇ ಏಳುತ್ತೆ, ಅದನ್ನು ನಿರೀಕ್ಷಿಸಿ.

ಮೇಲೆ, ಎರಡು ತಪ್ಪು ಮಾಡಿದರೂ ಉಳಿಯೋಷ್ಟು ಎತ್ತರದಲ್ಲಿ, ಫ್ಲಾಪ್ ಮತ್ತು ಚಕ್ರ ಇಳಿಸಿ ವೇಗ ಕಮ್ಮಿ ಮಾಡ್ತಾ ಬನ್ನಿ. ಯಾವಾಗ ಅಲುಗಾಡುತ್ತೆ, ಯಾವ ಕಡೆ ಬೀಳುತ್ತೆ ಅಂತ ಅಲ್ಲೇ ಕಲೀಬೇಕು. ಥ್ರಾಟಲ್ ಏರಿಸಿದಾಗ ಮೂಗು ಎಷ್ಟು ಏಳುತ್ತೆ ಅಂತಲೂ ಅಲ್ಲೇ ನೋಡಿ, ಅದಕ್ಕೆ ತಕ್ಕ ಎಲಿವೇಟರ್ ಮಿಕ್ಸಿಂಗನ್ನು (ಥ್ರಾಟಲ್ ಏರಿದಾಗ ಮೂಗನ್ನು ತಾನಾಗಿ ತಗ್ಗಿಸೋ ಹೊಂದಾಣಿಕೆ) ಎರಡನೇ ಹಾರಾಟಕ್ಕೆ ಹಾಕಿಕೊಳ್ಳಿ.

ಇಳಿಸುವಾಗ ನಿಮ್ಮ ಕಣ್ಣೇ ನಿಮಗೆ ಮೋಸ ಮಾಡುತ್ತೆ. ಒಂದು ಮೀಟರ್ ಉದ್ದದ ಫೋಮ್ ಜೆಟ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ತನ್ನ ಉದ್ದದ ಹದಿನೇಳು ಪಟ್ಟು ದೂರ ಹೋಗುತ್ತೆ. ನಿಮ್ಮ ಎ320 ಅದೇ ವೇಗದಲ್ಲಿ ಆರು ಪಟ್ಟೂ ಹೋಗಲ್ಲ. ಆರಾಮಾಗಿ ತೇಲಿಬಂದ ಹಾಗೆ ಕಾಣುತ್ತೆ. ‘ಇನ್ನೂ ತುಂಬಾ ವೇಗ ಇದೆ’ ಅಂತ ಅನ್ನಿಸಬೇಕಾದದ್ದೂ ಇಲ್ಲ, ‘ಸರಿಯಾಗಿದೆ’ ಅನ್ನಿಸಿದರೂ ಸಾಕು, ಅಷ್ಟರಲ್ಲಿ ಸ್ಟಾಲ್ ಹತ್ತಿರ ಬಂದಿರುತ್ತೆ. ಅದಕ್ಕೇ ಪಿಟಾಟ್ ನಳಿಗೆ (ಗಾಳಿಯ ಒತ್ತಡದಿಂದ ವೇಗ ಅಳೆಯೋ ಕೊಳವೆ) ಮತ್ತು ವೇಗವನ್ನು ಕಿವಿಗೆ ಹೇಳೋ ಟೆಲಿಮೆಟ್ರಿ ಹಾಕಿ ಅಂತ ನಾನು ಒತ್ತಾಯ ಮಾಡ್ತೀನಿ. ಬಣ್ಣಕ್ಕೆ ಖರ್ಚು ಮಾಡೋ ಮೊದಲು ಇದಕ್ಕೆ ಮಾಡಿ. ಫ್ಲಾಪ್ ಇಳಿಸಿ ಬರುವಾಗ 60ಕ್ಕಿಂತ ಕೆಳಗೆ ಹೋಗಬೇಡಿ. ತಿರುವು ಅಗಲವಾಗಿರಲಿ: 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ 19 ಶೇಕಡ ಏರುತ್ತೆ, 60 ಡಿಗ್ರಿಗೆ 41 ಶೇಕಡ.

ಥ್ರಾಟಲ್ ಪೂರ್ತಿ ಮುಚ್ಚಬೇಡಿ. ನಿಂತ ಫ್ಯಾನ್ ಮತ್ತೆ ವೇಗ ಹಿಡಿಯೋಕೆ ಒಂದೆರಡು ಸೆಕೆಂಡು ತಗೊಳ್ಳುತ್ತೆ, ಅಷ್ಟರಲ್ಲಿ ವಿಮಾನ ಮೂವತ್ತು ಮೀಟರ್ ಮುಂದೆ ಹೋಗಿರುತ್ತೆ. ಚಕ್ರ ನೆಲಕ್ಕೆ ತಾಗೋವರೆಗೂ ಮೂರನೇ ಒಂದು ಭಾಗ ಥ್ರಾಟಲ್ ಇಟ್ಟುಕೊಂಡು ಬನ್ನಿ. ಮನಸ್ಸಿಗೆ ಸರಿ ಬರದಿದ್ದರೆ ದೂರದಲ್ಲಿರುವಾಗಲೇ ಮತ್ತೊಂದು ಸುತ್ತು ಹೋಗಿ. ಅದಕ್ಕೆ ಬ್ಯಾಟರಿ ಉಳಿದಿರಬೇಕಲ್ಲ: 5000 ಎಂ.ಎ.ಎಚ್. ಜೋಡಿಯಲ್ಲಿ ಒಂದೊಂದು ಬ್ಯಾಟರಿಯಿಂದ ಸರಾಸರಿ 30 ಆಂಪಿಯರ್ ಎಳೆದರೆ, 80 ಶೇಕಡ ಬಳಸಿದಾಗ 8 ನಿಮಿಷ. ಟೈಮರ್ ಮೊದಲ ದಿನ 5 ನಿಮಿಷಕ್ಕೇ ಇಡಿ.

ಇಳಿದ ಮೇಲೆ ಎರಡೂ ಬ್ಯಾಟರಿಗೆ ಎಷ್ಟೆಷ್ಟು ವಾಪಸ್ ತುಂಬಿತು ಅಂತ ಬರೆದಿಡಿ. ವ್ಯತ್ಯಾಸ 10 ಶೇಕಡ ದಾಟಿದ್ದರೆ ಎರಡನೇ ಹಾರಾಟಕ್ಕೆ ಮೊದಲು ಆ ಕಡೆಯ ಫ್ಯಾನ್, ಬೇರಿಂಗ್, ಕನೆಕ್ಟರ್ ಬಿಚ್ಚಿ ನೋಡಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಜೊತೆಗೆ ಫೋಟೋ ಹಾಕಿ.